ಮುಹೂರ್ತಕ್ಕೆ ತಕ್ಕ ಕ್ಯಾಮೆರಾ

ಬೇಲೆಕೇರಿಯ ಕೊಲ್ಲಿಯಲ್ಲಿ ದೋಣಿಗಳು ದಡಕ್ಕೆ ಮರಳುವ ಸಂಜೆಯ ನೋಟವನ್ನು ಚಿತ್ರಿಸಬಯಸುವವನಿಗೆ ಇಂದು ಬೆಳಕು ಕೈಕೊಟ್ಟರೆ ನಾಳೆ ಇದೆ, ನಾಳೆಯೂ ಮೋಡ ಕವಿದರೆ ನಾಡಿದ್ದು ಇದೆ. ಆದರೆ ಅದೇ ಊರಿನ ಮನೆಯಂಗಳದ ಚಪ್ಪರದಲ್ಲಿ ಅಂತರಪಟ ಸರಿದು ವಧೂವರರು ಒಬ್ಬರ ಮುಖವನ್ನೊಬ್ಬರು ನೋಡುವ ಕ್ಷಣವನ್ನು ಹಿಡಿಯಬೇಕಾದವನಿಗೆ ಅಂಥ ನಾಳೆ ಯಾವುದೂ ಇಲ್ಲ. ಮಂಗಲಾಷ್ಟಕ ಮುಗಿದು ಅಕ್ಷತೆ ಬಿದ್ದ ಮೇಲೆ ಆ ಗಳಿಗೆಯನ್ನು ಮರಳಿ ತರುವ ಶಕ್ತಿ ಪುರೋಹಿತರಿಗೂ ಇಲ್ಲ, ಮನೆಯ ಯಜಮಾನರಿಗೂ ಇಲ್ಲ. ವೃತ್ತಿಯ ಮದುವೆ ಛಾಯಾಗ್ರಾಹಕನು ಹಳೆಯ ಕ್ಯಾಮೆರಾವನ್ನು ಬದಲಿಸಿ ಹೊಸತನ್ನು ಕೊಳ್ಳಲು ಹೊರಟಾಗ ಅವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹವ್ಯಾಸಿಯ ಪ್ರಶ್ನೆಗಳಿಗಿಂತ ಭಿನ್ನವಾಗಿರುವುದು ಈ ಕಾರಣದಿಂದಲೇ. ಜಾಹೀರಾತು ದೊಡ್ಡ ಅಕ್ಷರದಲ್ಲಿ ಮೊದಲು ಸಾರುವುದನ್ನು ಅವನು ಕೊನೆಗೆ ವಿಚಾರಿಸಬೇಕು, ವಿವರಪಟ್ಟಿಯ ತಳದಲ್ಲಿ ಒಂದು ಸಾಲಾಗಿ ಅಡಗಿರುವುದನ್ನು ಎಲ್ಲಕ್ಕಿಂತ ಮೊದಲು ಹುಡುಕಬೇಕು.

ಕಾರವಾರದಿಂದ ಅಂಕೋಲೆಗೆ ಬರುವ ಹೆದ್ದಾರಿಯ ಬದಿಯ ಊರುಗಳಲ್ಲಿ ಒಂದೇ ಕೋಣೆಯ ಸ್ಟುಡಿಯೋ ಇಟ್ಟುಕೊಂಡು, ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳಿಂದ ದಿನದ ಖರ್ಚನ್ನೂ ಮದುವೆಗಳಿಂದ ವರ್ಷದ ಜೀವನವನ್ನೂ ಸಾಗಿಸುವ ಛಾಯಾಗ್ರಾಹಕರಿಗೆ ಈ ಪ್ರಶ್ನೆ ಸಾಮಾನ್ಯವಾಗಿ ಮಳೆಗಾಲದಲ್ಲಿ, ಎಂದರೆ ಲಗ್ನಗಳಿಲ್ಲದೆ ಕೈ ತುಸು ಬಿಡುವಾಗಿರುವ ಕಾಲದಲ್ಲಿ, ಎದುರಾಗುತ್ತದೆ. ಆ ಬಿಡುವಿನಲ್ಲಿ ಅವರು ಮಾಡತಕ್ಕ ಮೊದಲ ಕೆಲಸವು ಅಂಗಡಿಗೆ ಹೋಗುವುದಲ್ಲವೆಂದೇ ನನ್ನ ಅಭಿಪ್ರಾಯ. ಕಳೆದ ಹಂಗಾಮಿನ ಎಲ್ಲ ಮದುವೆಗಳಿಂದಲೂ ಆಲ್ಬಂಗೆ ಸೇರದೆ ಉಳಿದ ಚಿತ್ರಗಳನ್ನು, ಅದರಲ್ಲಿಯೂ ಸೇರಲೇಬೇಕಾಗಿದ್ದು ಸೇರದೆ ಹೋದವುಗಳನ್ನು, ಕಂಪ್ಯೂಟರಿನ ಪರದೆಯ ಮೇಲೆ ಹರಡಿಕೊಂಡು ಒಂದೊಂದು ಏಕೆ ಕೆಟ್ಟಿತೆಂಬುದನ್ನು ಬರೆದಿಡಬೇಕು. ಧಾರೆಯೆರೆಯುವ ಕೈ ಅಲುಗಿ ಮಸುಕಾಯಿತೆ, ಫೋಕಸ್ ವಧುವನ್ನು ಬಿಟ್ಟು ಹಿಂದೆ ನಿಂತ ಸೋದರಮಾವನ ಮೇಲೆ ಕುಳಿತಿತೆ, ನೆರಳಿನಲ್ಲಿ ಮರಳು ಚೆಲ್ಲಿದಂತೆ ಕಣಗಳೆದ್ದುವೆ, ಮುಖಕ್ಕೆ ಶಾಮಿಯಾನದ ಬಣ್ಣ ಬಡಿಯಿತೆ, ಇಲ್ಲವೆ ಫ್ಲ್ಯಾಶ್ ಮತ್ತೆ ಸಿದ್ಧವಾಗುವಷ್ಟರಲ್ಲಿ ಘಳಿಗೆಯೇ ಕಳೆದುಹೋಯಿತೆ? ಈ ಐದು ದೋಷಗಳಿಗೆ ಐದು ಬೇರೆ ಬೇರೆ ಮದ್ದುಗಳಿವೆ, ಮತ್ತು ಅವುಗಳಲ್ಲಿ ಎರಡಕ್ಕೆ ಹೊಸ ಕ್ಯಾಮೆರಾ ಬೇಕೇ ಆಗಿಲ್ಲ. ಫ್ಲ್ಯಾಶ್ ತಡವಾದುದಕ್ಕೆ ಒಳ್ಳೆಯ ಬ್ಯಾಟರಿಯ ಮತ್ತೊಂದು ಫ್ಲ್ಯಾಶ್ ಸಾಕು. ಬಣ್ಣ ಬಡಿದುದಕ್ಕೆ ಚಿತ್ರಗಳನ್ನು ಜೆಪೆಗ್‌ನಲ್ಲಿ ಮಾತ್ರವಲ್ಲದೆ ರಾ ರೂಪದಲ್ಲಿಯೂ ತೆಗೆದಿಡುವ ಅಭ್ಯಾಸ ಸಾಕು. ಉಳಿದ ಮೂರು ಮಾತ್ರ ನಮ್ಮನ್ನು ಬೆಳಕು, ಲೆನ್ಸ್ ಮತ್ತು ಸೆನ್ಸರುಗಳ ವಿಚಾರಕ್ಕೆ ಕರೆದೊಯ್ಯುತ್ತವೆ.

ಕರಾವಳಿಯ ಮದುವೆಯ ಬೆಳಕು ಎಂಥದೆಂಬುದನ್ನು ಇಲ್ಲಿ ಕೊಂಚ ನಿಂತು ನೋಡಬೇಕು. ತೆಂಗಿನ ಮಡಲು ಹೊದಿಸಿದ ಚಪ್ಪರದಲ್ಲಿ ಬೆಳಗಿನ ಹತ್ತು ಗಂಟೆಯ ಬಿಸಿಲು ಸಂದುಸಂದುಗಳಿಂದ ಇಳಿದು, ವಧುವಿನ ಹಣೆಯ ಮೇಲೊಂದು ಬಿಳಿಯ ಚೂರನ್ನೂ ಕೆನ್ನೆಯ ಮೇಲೊಂದು ಕಪ್ಪು ಪಟ್ಟಿಯನ್ನೂ ಇಡುತ್ತದೆ. ಅವಳು ತಲೆಯನ್ನು ಬೆರಳಿನಷ್ಟು ತಿರುಗಿಸಿದರೆ ಆ ಚೂರು ಮೂಗಿಗೆ ಬರುತ್ತದೆ. ಹಿಂದೆ ಅಂಗಳದಾಚೆಯ ಮರಳು ಬಿಸಿಲಿಗೆ ಉರಿಯುತ್ತಿರುವುದರಿಂದ, ಕ್ಯಾಮೆರಾ ತಾನಾಗಿ ಲೆಕ್ಕ ಹಾಕಿದರೆ ಚಪ್ಪರದೊಳಗಿನ ಮುಖಗಳೆಲ್ಲ ಕಪ್ಪಾಗುತ್ತವೆ. ಇದೇ ಹೆಣ್ಣನ್ನು ಅರ್ಧ ಗಂಟೆಯ ಬಳಿಕ ಒಳಗಣ ದೇವರ ಕೋಣೆಯಲ್ಲಿ, ಒಂದು ದೀಪದ ಕಂಬ ಮತ್ತು ಗೋಡೆಯ ಮೇಲಣ ಒಂದು ಬಲ್ಬಿನ ಬೆಳಕಿನಲ್ಲಿ ಚಿತ್ರಿಸಬೇಕು. ಸಂಜೆ ಅಂಕೋಲೆಯ ಕಲ್ಯಾಣ ಮಂಟಪದಲ್ಲಿ ಆರತಕ್ಷತೆಯಿದ್ದರೆ, ನೇರಳೆಯಿಂದ ಹಸಿರಿಗೂ ಹಸಿರಿನಿಂದ ನೀಲಿಗೂ ಹೊರಳುವ ಎಲ್‌ಇಡಿ ದೀಪಗಳ ಕೆಳಗೆ. ಒಂದೇ ದಿನದಲ್ಲಿ ಈ ಮೂರು ಲೋಕಗಳನ್ನು ದಾಟಬೇಕಾದ ಯಂತ್ರಕ್ಕೆ ಎಲ್ಲಕ್ಕಿಂತ ಅವಶ್ಯವಾದ ಗುಣವೆಂದರೆ ಅಲ್ಪ ಬೆಳಕಿನಲ್ಲಿಯೂ ಮರ್ಯಾದೆ ಕಳೆದುಕೊಳ್ಳದಿರುವುದು.

ಈ ಗುಣ ಎರಡು ಕಡೆಗಳಿಂದ ಬರುತ್ತದೆ. ಒಂದು, ಸೆನ್ಸರಿನ ವಿಸ್ತಾರ. ಫುಲ್‌ಫ್ರೇಮ್ ಎಂದು ಕರೆಯಲಾಗುವ ಸೆನ್ಸರು ಹಳೆಯ 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿನಷ್ಟೇ, ಎಂದರೆ 36 ಮಿಲಿಮೀಟರ್ ಅಗಲ ಮತ್ತು 24 ಮಿಲಿಮೀಟರ್ ಎತ್ತರ ಇರುತ್ತದೆ. ಕ್ರಾಪ್ ಸೆನ್ಸರೆಂದು ವ್ಯವಹಾರದಲ್ಲಿ ಹೇಳುವ ಚಿಕ್ಕ ಸೆನ್ಸರಿಗಿಂತ ಇದರ ವಿಸ್ತೀರ್ಣ ಎರಡೂಕಾಲು ಪಟ್ಟಿಗೂ ಹೆಚ್ಚು. ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಬೆಳಕನ್ನು ಅದು ಒಟ್ಟುಗೂಡಿಸುವುದರಿಂದ ದೇವರ ಕೋಣೆಯ ನೆರಳುಗಳಲ್ಲಿ ಕಣಗಳು ಕಡಿಮೆಯಾಗುತ್ತವೆ. ಎರಡನೆಯದು ಲೆನ್ಸಿನ ತೆರಪು, ಮತ್ತು ನಮ್ಮಲ್ಲಿ ಅನೇಕರು ಮರೆಯುವುದು ಇದನ್ನೇ. ಕ್ಯಾಮೆರಾದೊಡನೆ ಪೆಟ್ಟಿಗೆಯಲ್ಲಿ ಬರುವ ಸಾಧಾರಣ ಝೂಮ್ ಲೆನ್ಸು ಉದ್ದಕ್ಕೆ ಎಳೆದಾಗ 5.6ರಷ್ಟೇ ತೆರೆಯುತ್ತದೆ, 2.8ರ ತೆರಪಿನ ಲೆನ್ಸು ಅದರ ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ. ಆದುದರಿಂದ 5.6ರಲ್ಲಿ ಸೆಕೆಂಡಿನ 1/50 ಭಾಗದಷ್ಟು ಕಾಲ ತೆಗೆದು ಮಸುಕಾದ ಧಾರೆಯ ಚಿತ್ರವನ್ನು ಅದೇ ಕ್ಯಾಮೆರಾದಲ್ಲಿ, ಅದೇ ಐಎಸ್‌ಒದಲ್ಲಿ, 1/200ರಲ್ಲಿ ಸ್ಪಷ್ಟವಾಗಿ ತೆಗೆಯಬಹುದಾಗಿತ್ತು. ಇದ್ದ ಹಣವನ್ನೆಲ್ಲ ಹೊಸ ಕ್ಯಾಮೆರಾ ಬಾಡಿಯ ಮೇಲೆ ಸುರಿದು ಅದರ ಮುಂದೆ ಹಳೆಯ ಮಂದ ಲೆನ್ಸನ್ನು ಕೂರಿಸುವುದಕ್ಕಿಂತ, ಕೈಯಲ್ಲಿರುವ ಬಾಡಿಗಾಗಿಯೇ ಒಂದು 2.8ರ ಝೂಮನ್ನೂ 1.8ರ 85 ಮಿಲಿಮೀಟರ್ ಲೆನ್ಸನ್ನೂ ಕೊಳ್ಳುವುದು ಅನೇಕ ಸಂದರ್ಭಗಳಲ್ಲಿ ಹೆಚ್ಚು ವಿವೇಕದ ಮಾರ್ಗ. ಬಾಡಿಗಳು ಐದಾರು ವರ್ಷಗಳಲ್ಲಿ ಹಳತಾಗುತ್ತವೆ, ಒಳ್ಳೆಯ ಲೆನ್ಸು ಜೋಪಾನವಾಗಿಟ್ಟರೆ ಮೂರು ಬಾಡಿಗಳ ಆಯುಷ್ಯವನ್ನು ಕಾಣುತ್ತದೆ.

ಫೋಕಸಿನ ದೋಷಕ್ಕಾದರೋ ಹೊಸ ಕ್ಯಾಮೆರಾವೇ ಮದ್ದು ಎಂಬುದನ್ನು ಒಪ್ಪಲೇಬೇಕು. ಕನ್ನಡಿಯುಳ್ಳ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಫೋಕಸನ್ನು ಅಳೆಯುವ ಭಾಗವು ಚಿತ್ರವನ್ನು ಗ್ರಹಿಸುವ ಸೆನ್ಸರಿನಿಂದ ಬೇರೆಯಾಗಿ ಕನ್ನಡಿಯ ಕೆಳಗೆ ಇರುತ್ತದೆ; ಇವೆರಡರ ಹೊಂದಾಣಿಕೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ, ಯಂತ್ರವು ಸರಿಯಾಯಿತೆಂದು ಹೇಳಿದ ಮೇಲೆಯೂ ಕಣ್ಣಿನ ಬದಲು ಕಿವಿಯ ಓಲೆ ಸ್ಪಷ್ಟವಾಗಿ ಬರುತ್ತದೆ. ಇದಲ್ಲದೆ ಅವುಗಳ ಫೋಕಸ್ ಬಿಂದುಗಳು ಚೌಕಟ್ಟಿನ ನಡುಭಾಗದಲ್ಲಿ ಗುಂಪುಗೂಡಿರುವುದರಿಂದ, ವಧುವನ್ನು ಅಂಚಿನಲ್ಲಿರಿಸಿ ಚಿತ್ರ ಕಟ್ಟುವವನು ಮೊದಲು ಫೋಕಸ್ ಮಾಡಿ ಬಳಿಕ ಕ್ಯಾಮೆರಾ ಸರಿಸಬೇಕಾಗುತ್ತದೆ. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೆನ್ಸರೇ ಫೋಕಸನ್ನೂ ಅಳೆಯುತ್ತದೆ. 2018ರಲ್ಲಿ ಬಂದ ಸೋನಿ ಎ7 III ಕ್ಯಾಮೆರಾದಲ್ಲಿ ಇಂಥ 693 ಬಿಂದುಗಳು ಚೌಕಟ್ಟಿನ ಬಹುಭಾಗವನ್ನು ತುಂಬಿದ್ದುವು. ಅದರ ಬಳಿಕ ಬಂದ ಕ್ಯಾನನ್, ನಿಕಾನ್, ಸೋನಿ ಕ್ಯಾಮೆರಾಗಳು ಮನುಷ್ಯನ ಕಣ್ಣನ್ನೇ ಗುರುತಿಸಿ, ಅವನು ಚಲಿಸಿದರೂ ಬೆಂಬತ್ತುತ್ತವೆ. ಬಾಸಿಂಗ ಹಣೆಯನ್ನು ಮುಚ್ಚಿ, ಮಾಲೆ ಗಲ್ಲವನ್ನು ಮುಟ್ಟಿ, ನಡುವೆ ಎರಡು ಕಣ್ಣುಗಳು ಮಾತ್ರ ಕಾಣುವ ನಮ್ಮ ವರನ ಮುಖವನ್ನು ಈ ಸೌಲಭ್ಯ ಎಷ್ಟು ಸಲ ಹಿಡಿಯುತ್ತದೆ, ಸುತ್ತ ನಿಂತ ಹತ್ತು ಜನರ ಕಣ್ಣುಗಳ ನಡುವೆ ಎಷ್ಟು ಸಲ ದಾರಿ ತಪ್ಪುತ್ತದೆ ಎಂಬುದನ್ನು ಕೊಳ್ಳುವ ಮುನ್ನ ಬಾಡಿಗೆಗೆ ತಂದೋ ಸ್ನೇಹಿತರಿಂದ ಎರವಲು ಪಡೆದೋ ಒಂದು ಮದುವೆಯಲ್ಲಿ ಸ್ವತಃ ಪರೀಕ್ಷಿಸುವುದು ಲೇಸು.

ಮಿರರ್‌ಲೆಸ್ ಕ್ಯಾಮೆರಾದ ಇನ್ನೊಂದು ಗುಣವನ್ನು ಈ ಭಾಗದವರು ವಿಶೇಷವಾಗಿ ಮೆಚ್ಚುವರೆಂದು ತೋರುತ್ತದೆ. ಹಾಲಕ್ಕಿ ಒಕ್ಕಲಿಗರ ಮದುವೆಗಳಲ್ಲಿ ಶಾಸ್ತ್ರಶಾಸ್ತ್ರಕ್ಕೂ ಹೆಂಗಸರು ಕುಳಿತು ಹಾಡು ಹೇಳುವ ಪರಂಪರೆಯಿದೆ. 2017ರಲ್ಲಿ ಪದ್ಮಶ್ರೀ ಪಡೆದ ಅಂಕೋಲೆಯ ಸುಕ್ರಿ ಬೊಮ್ಮಗೌಡರು ಬಾಳಿನುದ್ದಕ್ಕೂ ಕಂಠದಲ್ಲಿ ಕಾಪಾಡಿಕೊಂಡು ಬಂದುದು ಇಂಥ ಹಾಡುಗಳನ್ನೇ. ಮೈಕಿಲ್ಲದೆ ಹೇಳುವ ಆ ಹಾಡಿನ ನಡುವೆ, ಮೊಳದೂರದಲ್ಲಿ, ಡಿಎಸ್‌ಎಲ್‌ಆರ್‌ನ ಕನ್ನಡಿ ಪಟಪಟನೆ ಬಡಿದುಕೊಳ್ಳುತ್ತಿದ್ದರೆ ಹಾಡುವವರ ಗಮನವೂ ಕೆಡುತ್ತದೆ, ಪಕ್ಕದಲ್ಲಿ ವಿಡಿಯೋ ತೆಗೆಯುತ್ತಿರುವವನ ಧ್ವನಿಮುದ್ರಣವೂ ಕೆಡುತ್ತದೆ. ಎಲೆಕ್ಟ್ರಾನಿಕ್ ಶಟರಿನಲ್ಲಿ ಸದ್ದೇ ಇಲ್ಲ. ಆದರೆ ಈ ನಿಶ್ಶಬ್ದಕ್ಕೆ ಒಂದು ಬೆಲೆಯುಂಟು. ಇದನ್ನರಿಯದೆ ಮುಹೂರ್ತದ ಹೊತ್ತಿಗೆ ಅದನ್ನು ಬಳಸಿದವರು ಪಶ್ಚಾತ್ತಾಪ ಪಡುವರು. ಸಾಮಾನ್ಯ ಸೆನ್ಸರು ಚಿತ್ರವನ್ನು ಒಮ್ಮೆಗೇ ಓದದೆ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದ್ದಾದುದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಏರಿ ಇಳಿಯುತ್ತವೆ. ಕಣ್ಣಿಗೆ ಕಾಣದ ಈ ಏರಿಳಿತವು ಸಾಲುಗಳ ಓದಿನ ನಡುವೆ ಸಿಕ್ಕಿ ಮದುಮಗಳ ಸೀರೆಯ ಮೇಲೆ ಅಡ್ಡಪಟ್ಟಿಗಳಾಗಿ ಮೂಡುತ್ತದೆ, ಮತ್ತು ಆ ಪಟ್ಟಿಗಳನ್ನು ಬಳಿಕ ಅಳಿಸುವುದು ಅತಿ ಪ್ರಯಾಸದ ಕೆಲಸ. ಅಂಥ ಮಂಟಪದಲ್ಲಿ ಯಾಂತ್ರಿಕ ಶಟರನ್ನೇ ಬಳಸಿ, ಕಾಲವನ್ನು 1/100ಕ್ಕೆ ಇಟ್ಟುಕೊಂಡರೆ ಒಂದೊಂದು ಚಿತ್ರಕ್ಕೂ ದೀಪದ ಪೂರ್ಣ ಏರಿಳಿತವೊಂದು ದೊರೆತು ಬೆಳಕು ಸಮನಾಗುತ್ತದೆ. 2021ರ ನಿಕಾನ್ ಝಡ್9ರಲ್ಲಿ ಓದಿನ ವೇಗ ಬಹಳ ಹೆಚ್ಚಿರುವುದರಿಂದ ಯಾಂತ್ರಿಕ ಶಟರನ್ನೇ ಕೈಬಿಡಲಾಗಿದೆ, 2023ರ ಸೋನಿ ಎ9 IIIರಲ್ಲಿ ಎಲ್ಲ ಸಾಲುಗಳೂ ಒಮ್ಮೆಗೇ ಗ್ರಹಿಸಲ್ಪಡುತ್ತವೆ ಎಂಬುದು ನಿಜ. ಆದರೆ ಅವುಗಳ ಬೆಲೆಯು ನಮ್ಮ ಊರಿನ ಮದುವೆಗಳ ಸಂಭಾವನೆಗೆ ನಿಲುಕುವಂಥದಲ್ಲ.

ಈಗ ಆ ವಿವರಪಟ್ಟಿಯ ತಳದ ಸಾಲಿಗೆ ಬರೋಣ. ಕ್ಯಾಮೆರಾದಲ್ಲಿ ಮೆಮೊರಿ ಕಾರ್ಡಿಗೆ ಎಷ್ಟು ಗೂಡುಗಳಿವೆ? ಎರಡು ಗೂಡುಗಳಿದ್ದು, ಪ್ರತಿಯೊಂದು ಚಿತ್ರವೂ ತೆಗೆದ ಕ್ಷಣದಲ್ಲಿಯೇ ಎರಡು ಕಾರ್ಡುಗಳಲ್ಲಿ ಬರೆಯಲ್ಪಡುವಂತಿದ್ದರೆ, ಒಂದು ಕಾರ್ಡು ಕೆಟ್ಟರೂ ಮದುವೆ ಉಳಿಯುತ್ತದೆ; ಒಂದೇ ಗೂಡಿದ್ದರೆ ಎರಡು ಕುಟುಂಬಗಳ ಜೀವಮಾನದ ನೆನಪು ಉಗುರಿನಗಲದ ಒಂದು ಬಿಲ್ಲೆಯ ಕೃಪೆಯಲ್ಲಿ ನಿಂತಿರುತ್ತದೆ. ಮಿಕ್ಕ ಯಾವ ಗುಣದ ವಿಷಯದಲ್ಲಾದರೂ ರಾಜಿಯಾಗಬಹುದು, ಇದರಲ್ಲಿ ಕೂಡದು ಎಂದು ನಾನು ನಿಷ್ಠುರವಾಗಿ ಹೇಳಬಯಸುತ್ತೇನೆ. ಕ್ಯಾನನ್ 5ಡಿ ಮಾರ್ಕ್ II 2008ರಲ್ಲಿ ಬಂದು 21 ಮೆಗಾಪಿಕ್ಸೆಲ್ ಚಿತ್ರಗಳೊಡನೆ ಹೈ ಡೆಫಿನಿಷನ್ ವಿಡಿಯೋವನ್ನೂ ಕೊಟ್ಟು ಮದುವೆಯ ಚಿತ್ರಣದ ರೀತಿಯನ್ನೇ ಬದಲಿಸಿತಾದರೂ ಅದಕ್ಕಿದ್ದುದು ಒಂದೇ ಗೂಡು. 2012ರ ಮಾರ್ಕ್ IIIಕ್ಕೆ ಎರಡು ಬಂದುವು, 2014ರ ನಿಕಾನ್ ಡಿ750ಕ್ಕೂ ಎರಡಿದ್ದುವು. ಆಶ್ಚರ್ಯವೆಂದರೆ 2018ರಲ್ಲಿ ಮಿರರ್‌ಲೆಸ್ ಯುಗಕ್ಕೆ ಕಾಲಿಟ್ಟ ನಿಕಾನ್ ಝಡ್6 ಮತ್ತು ಕ್ಯಾನನ್ ಇಒಎಸ್ ಆರ್ ಎರಡರಲ್ಲಿಯೂ ಮತ್ತೆ ಒಂದೇ ಗೂಡು ಇತ್ತು. ವೃತ್ತಿಪರರು ಅಸಮಾಧಾನವನ್ನು ತೋಡಿಕೊಂಡರು, ಮತ್ತು 2020ರಲ್ಲಿ ಹೊರಬಂದ ಝಡ್6 II ಹಾಗೂ ಆರ್6 ಕ್ಯಾಮೆರಾಗಳಲ್ಲಿ ಎರಡು ಗೂಡುಗಳು ಕಾಣಿಸಿಕೊಂಡುವು. ಆದುದರಿಂದ ಹೊಸದೆಂಬ ಮಾತ್ರಕ್ಕೆ ಸುರಕ್ಷಿತವೆಂದು ಭಾವಿಸದೆ ಕೇಳಿಯೇ ಕೊಳ್ಳತಕ್ಕದ್ದು. ಕೊಂಡ ಮೇಲೆ ಎರಡನೆಯ ಕಾರ್ಡನ್ನು ಮೊದಲನೆಯದು ತುಂಬಿದ ಬಳಿಕ ಬಳಸುವಂತೆ ಇಡದೆ, ನಕಲಿಗಾಗಿ ಇಡಬೇಕು. ಎರಡು ಗೂಡುಗಳಿದ್ದೂ ಈ ಒಂದು ಸೆಟ್ಟಿಂಗನ್ನು ಬದಲಿಸದವರು ಬಹಳ ಮಂದಿ.

ಮೆಗಾಪಿಕ್ಸೆಲ್‌ಗಳ ವಿಚಾರವನ್ನು ಆಲ್ಬಮ್ಮಿನ ಅಳತೆಗೋಲಿನಿಂದಲೇ ತೀರ್ಮಾನಿಸಬಹುದು. ನಮ್ಮಲ್ಲಿ ಬಳಕೆಯಲ್ಲಿರುವ ದೊಡ್ಡ ಕರಿಜ್ಮಾ ಆಲ್ಬಮ್ಮಿನ ಒಂದು ಪುಟ 12 ಇಂಚು ಎತ್ತರ, 18 ಇಂಚು ಅಗಲ. ಇಂಚಿಗೆ 300 ಬಿಂದುಗಳಂತೆ ಮುದ್ರಿಸಿದರೂ 3600ನ್ನು 5400ರಿಂದ ಗುಣಿಸಿದಾಗ ಬರುವುದು ಹತ್ತೊಂಬತ್ತೂವರೆ ಮೆಗಾಪಿಕ್ಸೆಲ್‌ಗಿಂತ ಕಡಿಮೆ. ಎಂದಮೇಲೆ 24 ಮೆಗಾಪಿಕ್ಸೆಲ್ ಕ್ಯಾಮೆರಾ ಪೂರ್ತಿ ಪುಟವನ್ನು ತುಂಬಿ ಅಂಚು ಕತ್ತರಿಸಲೂ ಅವಕಾಶವುಳಿಸುತ್ತದೆ. 45 ಮೆಗಾಪಿಕ್ಸೆಲ್‌ಗಳಿಗೆ ಆಸೆಪಡುವವನು ಅದರ ಹಿಂದೆ ಬರುವ ಭಾರವನ್ನೂ ಎಣಿಸಬೇಕು. ಒಂದು ಮದುವೆಗೆ 3000 ಚಿತ್ರಗಳೆಂದೂ 24 ಮೆಗಾಪಿಕ್ಸೆಲ್‌ನ ಒಂದೊಂದು ರಾ ಚಿತ್ರಕ್ಕೆ 30 ಎಂಬಿಯೆಂದೂ ಇಟ್ಟುಕೊಂಡರೆ ಮದುವೆಯೊಂದಕ್ಕೆ 90 ಜಿಬಿ, ವರ್ಷಕ್ಕೆ 40 ಮದುವೆಗಳಾದರೆ 3.6 ಟಿಬಿ, ಎರಡು ಪ್ರತಿ ಇಡುವ ಜಾಗರೂಕನಿಗೆ ಅದರ ಇಮ್ಮಡಿ. ಪಿಕ್ಸೆಲ್‌ಗಳು ಹೆಚ್ಚಿದಷ್ಟೂ ಹಾರ್ಡ್ ಡಿಸ್ಕ್ ಬೇಕು, ಹಳೆಯ ಕಂಪ್ಯೂಟರು ನರಳುತ್ತದೆ, ಆಲ್ಬಂ ಕೊಡುವ ದಿನ ಹಿಂದೆ ಬೀಳುತ್ತದೆ. ಒಂದು ಸುರುಳಿ 120 ಫಿಲ್ಮಿನಲ್ಲಿ ಹನ್ನೆರಡೇ ಚೌಕಗಳನ್ನು ಕೊಡುತ್ತಿದ್ದ ಯಾಶಿಕಾ ಕ್ಯಾಮೆರಾಗಳ ಕಾಲದ ಮದುವೆ ಚಿತ್ರಗಳು ಇಂದಿಗೂ ಮನೆಗಳ ಗೋಡೆಯ ಮೇಲೆ ಗೌರವದಿಂದ ನಿಂತಿರುವುದನ್ನು ನೋಡಿದಾಗ, ಸೆಕೆಂಡಿಗೆ ಇಪ್ಪತ್ತು, ನಲವತ್ತು ಚಿತ್ರಗಳ ವೇಗವನ್ನು ಹೊಗಳುವ ಮಾತು ನನ್ನನ್ನು ಅಷ್ಟಾಗಿ ಸೆಳೆಯುವುದಿಲ್ಲ.

ಯಾವ ಕಂಪನಿಯದು ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಚೀಲದಲ್ಲಿ ಈಗಾಗಲೇ ಇರುವ ಲೆನ್ಸುಗಳಲ್ಲಿದೆ. ಕ್ಯಾನನ್‌ನ ಹಳೆಯ ಇಎಫ್ ಲೆನ್ಸುಗಳು ಕಂಪನಿಯದೇ ಅಡಾಪ್ಟರಿನ ಮೂಲಕ ಹೊಸ ಆರ್ ಬಾಡಿಗಳಲ್ಲಿ ಫೋಕಸಿನೊಡನೆಯೇ ಕೆಲಸಮಾಡುತ್ತವೆ. ನಿಕಾನಿನಲ್ಲಿ ಒಂದು ಎಚ್ಚರಿಕೆ ಅಗತ್ಯ: ಅದರ ಎಫ್‌ಟಿಝಡ್ ಅಡಾಪ್ಟರಿನೊಳಗೆ ಮೋಟಾರು ಇಲ್ಲದಿರುವುದರಿಂದ, ಒಳಮೋಟಾರುಳ್ಳ ಎಎಫ್-ಎಸ್ ಲೆನ್ಸುಗಳು ತಾವಾಗಿ ಫೋಕಸ್ ಆಗುತ್ತವೆಯೇ ಹೊರತು, ಅಗ್ಗವೂ ಚುರುಕೂ ಆದುವೆಂದು ಬಹು ಜನ ಕೊಂಡಿದ್ದ 50 ಮಿಲಿಮೀಟರ್ 1.8 ಡಿಯಂಥವು ಕೈಯಿಂದಲೇ ತಿರುಗಿಸಬೇಕಾದ ಸ್ಥಿತಿಗೆ ಬರುತ್ತವೆ. ಕಂಪನಿಯನ್ನೇ ಬದಲಿಸುವವನು ಲೆನ್ಸಿನೊಡನೆ ಫ್ಲ್ಯಾಶನ್ನೂ ಟ್ರಿಗರನ್ನೂ ಬದಲಿಸಬೇಕಾಗುವುದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಬ್ಯಾಟರಿಯೂ ಗಮನಾರ್ಹ, ತಯಾರಕರ ಮಾನಕದಂತೆ ಡಿ750 ಒಂದು ಚಾರ್ಜಿನಲ್ಲಿ 1230 ಚಿತ್ರಗಳನ್ನು ಕೊಟ್ಟರೆ, ಎ7 III ವ್ಯೂಫೈಂಡರಿನಲ್ಲಿ 610ನ್ನು ಕೊಡುತ್ತದೆ, ಆದುದರಿಂದ ಮಿರರ್‌ಲೆಸ್‌ಗೆ ಹೋಗುವವನು ಮೂರು ಬ್ಯಾಟರಿಗಳ ಹಣವನ್ನೂ ಸೇರಿಸಿಕೊಳ್ಳಲಿ. ವೈಶಾಖದ ಸೆಖೆಯಲ್ಲಿ ದೀರ್ಘವಾಗಿ 4ಕೆ ವಿಡಿಯೋ ತೆಗೆಯುವವನು ಕ್ಯಾಮೆರಾ ಕಾಯ್ದು ತಾನಾಗಿ ನಿಲ್ಲುವುದೆ ಎಂಬುದನ್ನೂ ವಿಚಾರಿಸಬೇಕು.

ಇಷ್ಟನ್ನೆಲ್ಲ ತೂಗಿ ನೋಡಿದರೆ, ಬೇಲೆಕೇರಿಯ ಛಾಯಾಗ್ರಾಹಕನಿಗೆ ನಾನು ಸೂಚಿಸುವುದು ಮಾರುಕಟ್ಟೆಯ ಅತಿ ಹೊಸ ಮಾದರಿಯನ್ನಲ್ಲ. 24 ಮೆಗಾಪಿಕ್ಸೆಲ್ ಆಸುಪಾಸಿನ, ಎರಡು ಗೂಡುಗಳ, ಕಣ್ಣನ್ನು ಗುರುತಿಸುವ ಫುಲ್‌ಫ್ರೇಮ್ ಮಿರರ್‌ಲೆಸ್ ಬಾಡಿಯೊಂದನ್ನು, ಬೇಕಾದರೆ ಒಂದು ತಲೆಮಾರು ಹಿಂದಿನದನ್ನು ಕೊಂಡು, ಉಳಿದ ಹಣವನ್ನು 2.8ರ ಲೆನ್ಸಿಗೆ ಹಾಕುವುದು ಒಳಿತು. ಹಳೆಯದನ್ನು ಕೊಳ್ಳುವವರು ಶಟರಿನ ಎಣಿಕೆಯನ್ನು ಕೇಳಬೇಕು. 5ಡಿ ಮಾರ್ಕ್ III, ಡಿ750ಗಳ ಶಟರಿಗೆ ತಯಾರಕರು ಹೇಳಿದ ಆಯುಸ್ಸು 1,50,000, ಮತ್ತು ಮದುವೆಗೆ 3000ದಂತೆ ತೆಗೆಯುವವನ ಕೈಯಲ್ಲಿ ಅದು 50 ಮದುವೆಗಳ ಬಾಳು. ಸಮುದ್ರದ ಬಳಿಯ ಊರಿನಿಂದ ಬಂದ ಕ್ಯಾಮೆರಾವಾದರೆ ಫ್ಲ್ಯಾಶ್ ಕೂರುವ ಲೋಹದ ತೋಡನ್ನೂ ತಳದ ಸ್ಕ್ರೂ ರಂಧ್ರವನ್ನೂ ಬೆಳಕಿಗೆ ಹಿಡಿದು ನೋಡಬೇಕು. ಅಲ್ಲಿ ಹಸಿರು ಕಿಲುಬು ಕಂಡರೆ ಉಪ್ಪುಗಾಳಿ ಒಳಗೂ ಹೊಕ್ಕಿರುವ ಸಂಭವವಿದೆ. ಲೆನ್ಸಿನ ಹಿಂಬದಿಯಿಂದ ಟಾರ್ಚು ಬಿಟ್ಟು ನೋಡಿದಾಗ ಗಾಜಿನೊಳಗೆ ಜೇಡನ ಎಳೆಗಳಂತೆ ಕವಲೊಡೆದುದು ಕಂಡರೆ ಅದು ಬೂಷ್ಟು, ಎಷ್ಟೇ ಅಗ್ಗವಾದರೂ ಬೇಡ.

ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುವ ಈ ತೀರದಲ್ಲಿ ಬೂಷ್ಟನ್ನು ತಡೆಯುವ ವ್ಯವಸ್ಥೆಯೂ ಕೊಳ್ಳುವ ಪಟ್ಟಿಯಲ್ಲಿಯೇ ಸೇರಬೇಕು. ತೇವಾಂಶವನ್ನು ನೂರಕ್ಕೆ 40ರಿಂದ 50ರಲ್ಲಿ ಕಾಯ್ದಿಡುವ ವಿದ್ಯುತ್ ಪೆಟ್ಟಿಗೆಯೊಂದನ್ನು ಕೊಳ್ಳಬಹುದು; ಆಗದವನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಅದರ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಇಡಬಹುದು. ಬಟ್ಟೆಯ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಮುಚ್ಚಿಡುವುದು ಮಾತ್ರ ಸರ್ವಥಾ ಕೂಡದು. ಎ.ಸಿ. ಸಭಾಂಗಣದಿಂದ ಹೊರಗಣ ಸೆಖೆಗೆ ತಂದಾಗ ಗಾಜಿನ ಮೇಲೆ ಹಬೆ ಕೂರುವುದರಿಂದ, ಚೀಲ ತೆರೆಯದೆ ಕೊಂಚ ಕಾಲ ಹಾಗೆಯೇ ಬಿಟ್ಟು ಬಳಿಕ ತೆಗೆಯಬೇಕು.

ಹಳೆಯ ಕ್ಯಾಮೆರಾವನ್ನು ವಿನಿಮಯಕ್ಕೆ ಕೊಟ್ಟುಬಿಡುವ ಮುನ್ನ ಎರಡು ಬಾರಿ ಯೋಚಿಸುವುದು ಒಳ್ಳೆಯದು. ಹಂಗಾಮಿನ ನಡುವೆ ಯಂತ್ರವೊಂದು ಕೆಟ್ಟರೆ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೋ ಅದರಾಚೆ ಬೆಂಗಳೂರಿಗೋ ಕಳುಹಿಸಿ, ಬಿಡಿಭಾಗ ಬರುವವರೆಗೆ ಕಾಯಬೇಕಾದ ಊರಿನಲ್ಲಿ ಎರಡನೆಯ ಬಾಡಿಯಿಲ್ಲದೆ ಮದುವೆ ಒಪ್ಪಿಕೊಳ್ಳುವುದು ಕೆಲಸ ಒಪ್ಪಿಸಿದವರಿಗೆ ಮಾಡುವ ಅನ್ಯಾಯವಾಗುತ್ತದೆ. ತುಳಸಿ ಲಗ್ನದ ನಂತರ ಮುಹೂರ್ತಗಳು ಮೊದಲಾಗುವುದರಿಂದ, ನವರಾತ್ರಿಯ ವೇಳೆಗೆ ಹೊಸದನ್ನು ಕೊಂಡು, ನಾಮಕರಣ, ಗೃಹಪ್ರವೇಶಗಳಂಥ ಚಿಕ್ಕ ಕಾರ್ಯಗಳಲ್ಲಿ ಬೆರಳಿಗೆ ಅದರ ಗುಂಡಿಗಳು ಕತ್ತಲಲ್ಲಿಯೂ ಸಿಗುವಷ್ಟು ರೂಢಿಯಾಗುವವರೆಗೆ ಬಳಸಿ, ಹಳೆಯದರ ಮೇಲೆ 70-200ರ ಲೆನ್ಸು, ಹೊಸದರ ಮೇಲೆ 24-70 ಎಂದು ಎರಡನ್ನೂ ಹೆಗಲಿಗೆ ಹಾಕಿಕೊಂಡು ಮೊದಲ ಮದುವೆಗೆ ಹೊರಡಲಿ. ಹೊರಡುವ ಮುನ್ನ ಎರಡು ಕ್ಯಾಮೆರಾಗಳ ಗಡಿಯಾರಗಳನ್ನೂ ಒಂದೇ ಸಮಯಕ್ಕೆ ಸರಿಪಡಿಸಿಕೊಳ್ಳಲಿ, ಇಲ್ಲವಾದರೆ ಕಂಪ್ಯೂಟರಿಗೆ ಇಳಿಸಿದಾಗ ಸಪ್ತಪದಿಯ ಚಿತ್ರಗಳು ಧಾರೆಯ ಮುಂದಕ್ಕೆ ಬಂದು, ಅವನ್ನು ಕ್ರಮಕ್ಕೆ ತರುವುದರಲ್ಲಿಯೇ ಒಂದು ರಾತ್ರಿ ಕಳೆಯುತ್ತದೆ.